ಒಂದು ತಾರೀಖಿಗೆ ಒಂದು ಪುಟ: ಬಿಎಫ್‌ಸಿ ಅಭಿಮಾನಿಯ ಕೈಯಲ್ಲಿ ಐದು ವರ್ಷದ ಡೈರಿ

ಐದು ವರ್ಷದ ಡೈರಿ ಅಂತ ಒಂದು ಸಿಗುತ್ತದೆ, ನೋಡಿರಬಹುದು. ಜನವರಿ 1ರಿಂದ ಡಿಸೆಂಬರ್ 31ರವರೆಗೆ ತಾರೀಖಿಗೊಂದು ಪುಟ. ಫೆಬ್ರವರಿ 29 ಸೇರಿ 366 ಪುಟ. ಪ್ರತಿ ಪುಟದಲ್ಲೂ ಮೇಲಿಂದ ಕೆಳಕ್ಕೆ ಐದು ಖಾನೆ, ವರ್ಷಕ್ಕೊಂದು. ಜನ ಇದನ್ನು ತಗೊಳ್ಳುವುದು ಮಗು ಬೆಳೆಯುವುದನ್ನು ಬರೆದಿಡುವುದಕ್ಕೆ, ಇಲ್ಲಾಂದ್ರೆ ತೋಟದ ಲೆಕ್ಕಕ್ಕೆ. ನಾನು ನಮ್ಮೂರ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಚರಿತ್ರೆಗೆ ಇಟ್ಟುಕೊಂಡಿದ್ದೇನೆ. ಕೋವಿಡ್ ಕಾಲದಲ್ಲಿ ಕಂಠೀರವ ಕ್ರೀಡಾಂಗಣದ ಬಾಗಿಲು ನಮಗೆ ಮುಚ್ಚಿದ್ದಾಗ ಶುರು ಮಾಡಿದ್ದು, ಈಗಲೂ ನಡೆಯುತ್ತಿದೆ. ಬೆಳಗ್ಗೆ ಕಾಫಿ ಹೊತ್ತಿಗೆ ಆ ದಿನದ ಪುಟ ತೆಗೆಯುತ್ತೇನೆ. ಏನಾದರೂ ಇದ್ದರೆ ಓದಿ, ಫೋಟೊ ತೆಗೆದು ನಮ್ಮ ಸ್ಟ್ಯಾಂಡ್‌ನ ಗೆಳೆಯರಿಗೆ ಕಳಿಸುತ್ತೇನೆ.

ಮೊದಲು ಕೊಳ್ಳುವ ವಿಚಾರ. ನಾನು ತಂದಿದ್ದು ಅವೆನ್ಯೂ ರಸ್ತೆಯಿಂದ. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ ಮುಖ್ಯವಾದದ್ದು: "ವರ್ಷ ಪ್ರಿಂಟ್ ಆಗಿರೋದು ಕೊಡ್ಲಾ ಸಾರ್, ಖಾಲಿ ಬಿಟ್ಟಿರೋದಾ?" ಖಾಲಿ ಬಿಟ್ಟಿರೋದೇ ತಗೊಳ್ಳಿ. ವರ್ಷ ಅಚ್ಚಾಗಿರುವ ಡೈರಿ ಮುಂದೆ ಬರೋ ಐದು ವರ್ಷಕ್ಕೆ ಮಾತ್ರ. ನಮಗೆ ಬೇಕಾಗಿರುವುದು ಹಿಂದಿನದು. "20" ಅಂತ ಬಿಟ್ಟು ಪಕ್ಕದಲ್ಲಿ ಗೆರೆ ಎಳೆದಿರುತ್ತಾರಲ್ಲ, ಅಂಥದ್ದಾದರೆ 2013 ಕೂಡ ಬರೆಯಬಹುದು, 2025 ಕೂಡ ಬರೆಯಬಹುದು. ವಾರದ ಹೆಸರು ಅಚ್ಚಾಗಿರಬಾರದು ಅನ್ನುವುದನ್ನೂ ನೋಡಿಕೊಳ್ಳಿ. ವರ್ಷ ಬದಲಾದರೆ ವಾರ ಬದಲಾಗುತ್ತದೆ. ನಾನೇ ಕೈಯಲ್ಲಿ ಬರೆಯುತ್ತೇನೆ, ಯಾಕೆಂದರೆ ಶನಿವಾರದ ಪಂದ್ಯಕ್ಕೂ ಬುಧವಾರದ ಪಂದ್ಯಕ್ಕೂ ಜನ ಬರುವ ರೀತಿಯೇ ಬೇರೆ.

ಈ ಡೈರಿ ಯಾಕೆ ಇಷ್ಟು ಹಿಡಿಸಿತು ಅನ್ನುವುದಕ್ಕೆ ಮಾರ್ಚ್ 17ರ ಪುಟ ಒಂದೇ ಸಾಕು.

ಮೊದಲ ಖಾನೆ, 2018, ಶನಿವಾರ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಅದೂ ನಮ್ಮ ಕಂಠೀರವದಲ್ಲೇ. ಆ ಲೀಗ್‌ಗೆ ಬಂದ ಮೊದಲ ವರ್ಷವೇ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಮೇಲೆ ಕೂತಿದ್ದೆವು. ಎರಡನೇ ಸ್ಥಾನದ ಚೆನ್ನೈಯಿನ್ ಎಂಟು ಅಂಕ ಹಿಂದಿತ್ತು. ಒಂಬತ್ತನೇ ನಿಮಿಷದಲ್ಲೇ ಉದಾಂತಾ ಕೊಟ್ಟ ಕ್ರಾಸ್‌ಗೆ ನಮ್ಮ ನಾಯಕ ಸುನಿಲ್ ಚೆಟ್ರಿ ಹಾರಿ ತಲೆಕೊಟ್ಟು ಗೋಲು. ಆಮೇಲೆ ಮೇಲ್ಸನ್ ಆಲ್ವೆಸ್ ಎರಡು ಸಲ, ಎರಡೂ ಹೆಡರ್. ರಫಾಯೆಲ್ ಅಗಸ್ಟೊ ಮೂರನೆಯದು. ಕೊನೆಗಳಿಗೆಯಲ್ಲಿ ಮಿಕು ಒಂದು ಹೊಡೆದರೂ 2-3. ಕಪ್ ಚೆನ್ನೈಗೆ ಹೋಯಿತು.

ಅದರ ಕೆಳಗಿನ ಖಾನೆ, 2019, ಭಾನುವಾರ. ಅದೇ ಮಾರ್ಚ್ 17. ಮುಂಬೈಯಲ್ಲಿ ಫೈನಲ್, ಎದುರಾಳಿ ಎಫ್‌ಸಿ ಗೋವಾ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ತಲೆ. 1-0. ಲೀಗ್ ಪಟ್ಟಿಯಲ್ಲಿ ಮೊದಲಿದ್ದ ತಂಡವೇ ಐಎಸ್‌ಎಲ್ ಫೈನಲ್ ಗೆದ್ದಿದ್ದು ಅದೇ ಮೊದಲು.

ನಮ್ಮಕ್ಕನ ಮಗಳು ಒಂದು ಸಲ ಈ ಪುಟ ತೆಗೆದು ಮೇಲಿನ ಖಾನೆ ಓದಿ, "ಮಾಮ, ಸೋತಿದ್ದನ್ನ ಯಾಕೆ ಬರ್ದಿಟ್ಟಿದ್ದೀಯ?" ಅಂದಳು. "ಕೆಳಗಡೆ ಓದು ಪುಟ್ಟಿ" ಅಂದೆ. ಓದಿದಳು. ಆಮೇಲೆ ತಿರುಗಿ ಮೇಲಿನದನ್ನೇ ಇನ್ನೊಂದು ಸಲ ಓದಿದಳು. ನನಗೆ ಬೇಕಾಗಿದ್ದೂ ಅದೇ. ಗೆಲುವಿನ ತಾರೀಖು ಎಲ್ಲರೂ ನೆನಪಿಸುತ್ತಾರೆ. ಕ್ಲಬ್‌ನವರು ಫೋಟೊ ಹಾಕುತ್ತಾರೆ, ಪತ್ರಿಕೆಯವರೂ ಬರೆಯುತ್ತಾರೆ. 2018ರ ಆ ರಾತ್ರಿ ಕಂಠೀರವದಿಂದ ಮಾತಿಲ್ಲದೆ ಹೊರಬಂದವರಿಗೆ ಮಾತ್ರ 117ನೇ ನಿಮಿಷ ಏನು ಅಂತ ಪೂರ್ತಿ ಗೊತ್ತು. ಎರಡೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಇರಬೇಕು.

ಇನ್ನೂ ಚೆಂದ ಏನೆಂದರೆ, ಹಿಂದಿನ ಪುಟಗಳಿಗೆ ಹೋದರೆ ಮಾರ್ಚ್ 11 ಸಿಗುತ್ತದೆ. ಅಲ್ಲೂ ಅದೇ ಎರಡು ವರ್ಷ, ಜೋಡಿಯಾಗಿ. 2018ರಲ್ಲಿ ಪುಣೆ ವಿರುದ್ಧ ಸೆಮಿಫೈನಲ್‌ನ ಎರಡನೇ ಲೆಗ್ (ಎರಡು ಪಂದ್ಯದ ಸೆಮಿಫೈನಲ್‌ನಲ್ಲಿ ಎರಡನೆಯದು), ಚೆಟ್ರಿ ಹ್ಯಾಟ್ರಿಕ್, 3-1. 2019ರಲ್ಲಿ ನಾರ್ತ್‌ಈಸ್ಟ್ ವಿರುದ್ಧ ಸೆಮಿಫೈನಲ್‌ನ ಎರಡನೇ ಲೆಗ್, 3-0. ಎರಡೂ ನಮ್ಮೂರಲ್ಲೇ. ವರ್ಷವಾರು ಬರೆದ ಚರಿತ್ರೆ ಓದಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ತಾರೀಖುವಾರು ಬರೆದರೆ ಮಾತ್ರ ಹೀಗೆ ಜೋಡಿ ಕೂತುಬಿಡುತ್ತವೆ. ಮಾರ್ಚ್ 18ಕ್ಕೆ ತಿರುಗಿಸಿದರೆ 2023. ಐಎಸ್‌ಎಲ್ ಫೈನಲ್, ಗೋವಾದ ಫತೋರ್ಡದಲ್ಲಿ ಎಟಿಕೆ ಮೋಹನ್ ಬಾಗನ್ ಎದುರು 2-2, ಪೆನಾಲ್ಟಿ ಶೂಟೌಟ್‌ನಲ್ಲಿ 4-3 ಸೋಲು. ಅದನ್ನು ನಾನು ಮೊದಲ ಖಾನೆಯಲ್ಲೇ ಬರೆದಿದ್ದೇನೆ. ಕೆಳಗೆ ನಾಲ್ಕು ಖಾನೆ ಖಾಲಿ ಇವೆ. ಕಾಯುತ್ತಿದ್ದೇನೆ.

ಏಪ್ರಿಲ್ ಕೂಡ ತುಂಬಿದ ತಿಂಗಳೇ. 17ಕ್ಕೆ 2016ರ ಐ-ಲೀಗ್ (ಐಎಸ್‌ಎಲ್‌ಗೆ ಬರುವ ಮೊದಲು ನಾವು ಆಡುತ್ತಿದ್ದ ರಾಷ್ಟ್ರೀಯ ಲೀಗ್) ಪ್ರಶಸ್ತಿ, ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0. 20ಕ್ಕೆ 2018ರ ಸೂಪರ್ ಕಪ್, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್‌ಗೆ 4-1. ಮಾರನೇ ಪುಟ, ಏಪ್ರಿಲ್ 21, 2014: ಹುಟ್ಟಿ ವರ್ಷವೂ ತುಂಬದ ಕ್ಲಬ್ ಗೋವಾಕ್ಕೆ ಹೋಗಿ ಡೆಂಪೊವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದ ದಿನ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಕಾಲ. ಈ ಪುಟಕ್ಕೆ ನಾನು ನೀಲಿ ಬಾರ್ಡರ್ ಹಾಕಿದ್ದೇನೆ. ಆದರೆ ಅದೇ ತಿಂಗಳ 12ರಲ್ಲಿ 2025 ಇದೆ, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಸಮಯದಲ್ಲಿ ಕೈತಪ್ಪಿದ ಐಎಸ್‌ಎಲ್ ಫೈನಲ್. 25ರಲ್ಲಿ 2023 ಇದೆ, ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾಗೆ ಸೋತದ್ದು. ಅವಕ್ಕೂ ಅಷ್ಟೇ ಜಾಗ, ಅದೇ ಪೆನ್ನು.

ಮೇ 31ರ ಪುಟ ಓದುವುದು ಈಗಲೂ ಕಷ್ಟ. 2015, ಭಾನುವಾರ, ಐ-ಲೀಗ್‌ನ ಕೊನೇ ಪಂದ್ಯ. ಮೋಹನ್ ಬಾಗನ್‌ಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು. ಅಲ್ಲಿಂದ 87ನೇ ನಿಮಿಷದವರೆಗೆ ಪ್ರಶಸ್ತಿ ನಮ್ಮದೇ. ಸೋನಿ ನಾರ್ಡೆ ಕಾರ್ನರ್ ಎತ್ತಿದ, ಬೆಲ್ಲೊ ರಜಾಕ್ ತಲೆ ಕೊಟ್ಟ, 1-1. ಕಪ್ ನಮ್ಮ ಅಂಗಳದಿಂದಲೇ ಕೋಲ್ಕತ್ತಕ್ಕೆ ಹೋಯಿತು. ಮುಂದಿನ ವರ್ಷ ಅದನ್ನು ವಾಪಸ್ ತಂದೆವು ನಿಜ. ಮೇ 21ರಲ್ಲಿ 2017ರ ಫೆಡರೇಷನ್ ಕಪ್ ಇದೆ, ಕಟಕ್‌ನಲ್ಲಿ ಅದೇ ಮೋಹನ್ ಬಾಗನ್ ಮೇಲೆ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು. ಆದರೂ ಆ 87ನೇ ನಿಮಿಷ ಹೋಗುವುದಿಲ್ಲ. ಹೋಗಬಾರದು ಕೂಡ.

ಈಗ ಡೈರಿಯ ಗುಣಮಟ್ಟದ ಮಾತು. ಹೊಲಿಗೆ ಹಾಕಿದ ಬೈಂಡಿಂಗ್ ಇದ್ದರೆ ಮಾತ್ರ ತಗೊಳ್ಳಿ. ಬರೀ ಗೋಂದಿನ ಬೈಂಡಿಂಗ್ ಇಷ್ಟು ವರ್ಷ ದಿನಾ ತೆಗೆದು ಮುಚ್ಚುವುದನ್ನು ತಡೆಯುವುದಿಲ್ಲ. ಪುಟವನ್ನು ಬಗ್ಗಿಸಿ ನಡುವೆ ನೋಡಿದರೆ ದಾರ ಕಾಣಬೇಕು. ಹಾಳೆ ದಪ್ಪ ಇದೆ, ಜೆಲ್ ಪೆನ್ನಿಗೆ ಏನೂ ತೊಂದರೆಯಿಲ್ಲ. ಇಂಕ್ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಇಳಿಯುತ್ತದೆ, ಮಾರನೇ ದಿನದ ಪುಟ ಹಾಳು. ರೆಕ್ಸಿನ್ ರಟ್ಟಿಗೆ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬೀರುವಿನ ಒಳಗಡೆ ಇಡದೆ ಗಾಳಿ ಆಡುವ ಕಡೆ ಇಟ್ಟರೆ ಸಾಕು. ರಿಬ್ಬನ್ ತುದಿ ಬೇಗ ಎಳೆ ಬಿಟ್ಟಿತು, ಅದೇನು ದೊಡ್ಡದಲ್ಲ.

ಟಿಕೆಟ್ ಅಂಟಿಸುವವರಿಗೆ ಒಂದು ಮಾತು. ಈಗಿನ ಟಿಕೆಟ್‌ಗಳಲ್ಲಿ ಎಷ್ಟೋ ಥರ್ಮಲ್ ಪೇಪರ್‌ನವು, ಅಂಗಡಿ ಬಿಲ್ ಥರ. ಅದರಲ್ಲಿ ಇಂಕೇ ಇರುವುದಿಲ್ಲ, ಬಿಸಿ ತಾಗಿ ಕಪ್ಪಾಗಿರುವುದು ಅಷ್ಟೇ. ಬಿಸಿಲು ಬಿದ್ದರೆ, ಸೆಲ್ಲೊಟೇಪ್ ಹಾಕಿದರೆ, ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಅಕ್ಷರ ಕೆಡುತ್ತದೆ. ಅಂಥ ಟಿಕೆಟ್‌ನ ಜೆರಾಕ್ಸ್ ತೆಗೆಸಿ ಜೆರಾಕ್ಸ್ ಅಂಟಿಸಿ, ಮೂಲವನ್ನು ಕವರ್‌ನಲ್ಲಿ ಬೇರೆ ಇಡಿ. ನನ್ನ ಅಕ್ಟೋಬರ್ 19ರ ಪುಟ ಹಾಗೇ ಇದೆ. 2016, ಬುಧವಾರ, ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಸೆಮಿಫೈನಲ್. ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಕಂಠೀರವಕ್ಕೆ ಬಂದು ಮೊದಲು ಗೋಲು ಹೊಡೆಯಿತು. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು, 3-1. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲ ಸಲ. ನಮ್ಮ ಅಭಿಮಾನಿಗಳ ಸ್ಟ್ಯಾಂಡ್ ವೆಸ್ಟ್ ಬ್ಲಾಕ್‌ನಲ್ಲಿ ಅವತ್ತು ನಿಂತಿದ್ದವರು ಇವತ್ತಿಗೂ ಅದನ್ನೇ ಮಾತಾಡುತ್ತಾರೆ. ನವೆಂಬರ್ 5ಕ್ಕೆ ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1 ಸೋತೆವು. ಆ ಪುಟವೂ ಇದೆ.

ಹೀಗೆ ಅಂಟಿಸುತ್ತಾ ಹೋಗಿ ಡೈರಿ ಈಗ ಸಪಾಟಾಗಿ ಮುಚ್ಚುವುದಿಲ್ಲ. ಬದಿಯಿಂದ ನೋಡಿದರೆ ಮಾರ್ಚ್, ಏಪ್ರಿಲ್ ಉಬ್ಬಿವೆ. ಜೂನ್, ಜುಲೈ ಹೊಸದರ ಥರ ತೆಳ್ಳಗಿವೆ. ಆಟ ಯಾವಾಗ ನಡೆಯುತ್ತದೆ, ಯಾವಾಗ ರಜೆ ಅನ್ನುವುದು ಪುಟ ತೆಗೆಯದೆಯೇ ಗೊತ್ತಾಗುತ್ತದೆ.

ಆ ತೆಳ್ಳಗಿನ ತಿಂಗಳುಗಳು ಮೊದಮೊದಲು ಬೇಜಾರು ತರಿಸುತ್ತಿದ್ದವು. ಜುಲೈ 20ಕ್ಕೆ 2013ರಲ್ಲಿ ಕ್ಲಬ್ ಶುರುವಾದದ್ದು, ಆಗಸ್ಟ್ 3ಕ್ಕೆ ಚೆಟ್ರಿ ಹುಟ್ಟುಹಬ್ಬ, ಜೂನ್ 6ಕ್ಕೆ 2024ರಲ್ಲಿ ಕುವೈತ್ ಎದುರು ಭಾರತ ತಂಡಕ್ಕೆ ವಿದಾಯ ಅಂತ ಅವರು ಆಡಿದ ಪಂದ್ಯ (2025ರಲ್ಲಿ ಮತ್ತೆ ಬಂದರು, ಅದು ಬೇರೆ). ಅಷ್ಟು ಬಿಟ್ಟರೆ ಪುಟ ತಿರುಗಿಸಿದಷ್ಟೂ ಖಾಲಿ. ಆಗ ಊರಿನ ಹಳೇ ಫುಟ್‌ಬಾಲ್ ಬರೆಯಲು ಶುರು ಮಾಡಿದೆ. ಬೆಂಗಳೂರಿನ ಆಟ 2013ರಲ್ಲಿ ಹುಟ್ಟಿದ್ದಲ್ಲವಲ್ಲ. ಜುಲೈ 31ರಲ್ಲಿ 1948 ಇದೆ. ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ಎದುರು ಭಾರತ 1-2. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಗೋಲು ಅದು. ಅವತ್ತು ಎರಡು ಪೆನಾಲ್ಟಿ ಕೈತಪ್ಪದೇ ಇದ್ದಿದ್ದರೆ ಕಥೆಯೇ ಬೇರೆ ಇರುತ್ತಿತ್ತು. "20" ಅಂತ ಅಚ್ಚಾಗಿರುವ ಕಡೆ ಅದನ್ನು ಹೊಡೆದು "19" ಮಾಡಬೇಕಾಯಿತು. ಡೈರಿ ಮಾಡುವವರು ಆ ಎರಡಂಕಿಯನ್ನೂ ಖಾಲಿ ಬಿಟ್ಟರೆ ಒಳ್ಳೆಯದು.

ದಿನಕ್ಕಿಂತ ವರ್ಷವೇ ಮುಖ್ಯವಾದ ಸಂಗತಿಗಳೂ ಇವೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬ್ರಿಟಿಷ್ ಸೇನಾ ತಂಡಗಳ ಕೈಯಿಂದ ಮುಂಬೈಯ ರೋವರ್ಸ್ ಕಪ್ ಕಸಿದುಕೊಂಡದ್ದು, 1938ರಲ್ಲಿ ಮತ್ತೆ ಗೆದ್ದದ್ದು. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದದ್ದು. ಇವಕ್ಕೆಲ್ಲ ಕೊನೆಯಲ್ಲಿರುವ ಟಿಪ್ಪಣಿ ಪುಟಗಳೇ ಸರಿಯಾದ ಜಾಗ. ಅಲ್ಲಿಂದ ಬಾಣದ ಗುರುತು ಹಾಕಿ ಮಾರ್ಚ್ 4ಕ್ಕೆ ಕಳಿಸಿದ್ದೇನೆ. 2023, ರಿಯಾದ್, ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷ ಕಾದ ಮೇಲೆ ಬಂದದ್ದು. ಅದರ ಹಿಂದಿನ ಪುಟ ತಿರುಗಿಸಿ: ಮಾರ್ಚ್ 3, 2023. ಐಎಸ್‌ಎಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು, ಅವರು ಸಿದ್ಧವಾಗುವ ಮೊದಲೇ ಚೆಟ್ರಿ ಗೋಲಿಗೆ ಹೊಡೆದ ಆ ಫ್ರೀಕಿಕ್, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದದ್ದು. ಆ ಗಲಾಟೆಯಲ್ಲಿ ಮಾರನೇ ದಿನದ ರಿಯಾದ್ ಗೆಲುವಿನ ಮಾತು ಕಡಿಮೆಯೇ ಆಯಿತು. ಅದಕ್ಕೇ ಆ ಪುಟದಲ್ಲಿ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಕೊರತೆ ಎರಡು. ಒಂದು, ಖಾನೆಗೆ ಐದಾರು ಸಾಲು ಮಾತ್ರ. ಫೈನಲ್‌ಗೆ ಅದು ಸಾಲದು, ಬದಿಯಲ್ಲಿ ಚೀಟಿ ಅಂಟಿಸಬೇಕು. ಇನ್ನೊಂದು, ಹುಡುಕುವುದು. ಕ್ಲಬ್‌ನ ಮೊದಲ ಗೋಲು ಯಾವತ್ತು ಅಂತ ಯಾರಾದರೂ ಕೇಳಿದರೆ ತಾರೀಖು ನೆನಪಿರಬೇಕು, ಇಲ್ಲಾಂದ್ರೆ ಪುಟ ತಿರುಗಿಸುತ್ತಾ ಕೂರಬೇಕು. ಕೊನೇ ಹಾಳೆಯಲ್ಲಿ ಹೆಸರುವಾರು ಪಟ್ಟಿ ಮಾಡಿಕೊಂಡಿದ್ದೇನೆ: ಶಾನ್ ರೂನಿ, ಸೆಪ್ಟೆಂಬರ್ 22, 2013, ಮೋಹನ್ ಬಾಗನ್ ಎದುರು 1-1, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಶುರುವಿನಿಂದಲೇ ಈ ಪಟ್ಟಿ ಇಟ್ಟುಕೊಳ್ಳಿ. ಪೇಪರ್ ಕಟಿಂಗ್ ನೋಡಿ ಬರೆಯುವವರು ಒಂದು ಗಮನಿಸಿ: ರಾತ್ರಿ ಪಂದ್ಯದ ವರದಿ ಬರುವುದು ಮಾರನೇ ದಿನದ ಪತ್ರಿಕೆಯಲ್ಲಿ. ಕಟಿಂಗ್ ಮೇಲಿನ ತಾರೀಖಿನಿಂದ ಒಂದು ದಿನ ಹಿಂದಕ್ಕೆ ಹೋಗಿ ಬರೆಯಿರಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನಮ್ಮಂಥ ಎಳೇ ಕ್ಲಬ್‌ಗೆ ಪುಟಕ್ಕೆ ಐದು ಖಾನೆ ಸದ್ಯಕ್ಕೆ ಧಾರಾಳ. ನೀವು 1889ರಲ್ಲಿ ಹುಟ್ಟಿದ ಮೋಹನ್ ಬಾಗನ್ ಕಡೆಯವರಾದರೆ ಇದು ಬೇಡ, ದಿನಕ್ಕೊಂದು ದೊಡ್ಡ ಪುಟ ಇರುವ ಮಾಮೂಲಿ ಡೈರಿಯನ್ನೇ ತಗೊಳ್ಳಿ. ಜುಲೈ 29ಕ್ಕೆ, 1911ರಲ್ಲಿ ಅವರು ಐಎಫ್‌ಎ ಶೀಲ್ಡ್ ಗೆದ್ದದ್ದರ ಬಗ್ಗೆ ಬರೆಯಲು, ಐದಾರು ಸಾಲು ಎಲ್ಲಿ ಸಾಕಾಗುತ್ತದೆ.