ಗೋದಾಮು ಸುಟ್ಟರೆ ಯಾವ ತಜ್ಞರನ್ನು ಕರೆಸಬೇಕು?

ಶಿರಸಿಯ ಅಡಿಕೆ ಗೋದಾಮಿಗೆ ಬೆಂಕಿ ಬಿದ್ದು, ವಿಮಾ ಪರಿಹಾರದ ತಕರಾರು ನ್ಯಾಯಾಲಯ ಮುಟ್ಟಿತೆನ್ನಿ. ಒಬ್ಬ ತಜ್ಞರು ಅನುಭವದ ಬಲದಿಂದ ಸ್ಥಳ ನೋಡಿಯೇ ಕಾರಣ ಹೇಳುತ್ತಾರೆ. ವರದಿ ಬೇಗ ಸಿಗುತ್ತದೆ. ಇನ್ನೊಬ್ಬರು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ವಿದ್ಯುತ್ ದೋಷವೂ ಸೇರಿದಂತೆ ಇತರ ಸಾಧ್ಯತೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ತಡವಾದರೂ ಎರಡನೆಯವರನ್ನೇ ಆರಿಸಿ.

ಗಾಜಿನ ಮೇಲಿನ ಸೂಕ್ಷ್ಮ ಬಿರುಕುಗಳು ಪೆಟ್ರೋಲ್ ಸುರಿದುದರ ಗುರುತೆಂದು ಅನುಭವಿಗಳೇ ಹಿಂದೆ ನಂಬಿದ್ದರು. ಕಾದ ಗಾಜಿಗೆ ಅಗ್ನಿಶಾಮಕರ ನೀರು ತಗುಲಿದರೂ ಅವು ಮೂಡುತ್ತವೆ! ಇಂಥ ನಂಬಿಕೆಯಿಂದ ನಿರಪರಾಧಿಯ ಮೇಲೆ ಆರೋಪ ಬರಬಾರದು.

ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಡುತ್ತದೆ. ಆದರೆ ತೀರ್ಮಾನವನ್ನು ಒರೆಗೆ ಹಚ್ಚಲು ಬೇಕಾದ ವೈಜ್ಞಾನಿಕ ಮಾನದಂಡವನ್ನೂ ಅವರು ನ್ಯಾಯಾಧೀಶರಿಗೆ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅವಶೇಷ ತೆರವುಗೊಳಿಸುವ ಮುನ್ನವೇ ತಜ್ಞರನ್ನು ಕರೆಸಿ.