ಪೈಪ್ ಗ್ಯಾಸಿನ ಓವನ್ನನ್ನು ಸಿಲಿಂಡರಿಗೆ ಜೋಡಿಸುವ ಮುನ್ನ

ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಮ್ಮ ಮನೆ ಬದಲಿಸುವಾಗ ತಮ್ಮ ಗ್ಯಾಸ್ ಓವನ್ನನ್ನು ನಮಗೆ ಕೊಟ್ಟರು. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್ ಇರುವ ಅದನ್ನು ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ತಂದು, ಸ್ಟವ್ ರಿಪೇರಿಯವರೊಬ್ಬರನ್ನು ಕರೆಸಿ 14.2 ಕೆ.ಜಿ.ಯ ಸಿಲಿಂಡರಿಗೆ ಜೋಡಿಸಿಕೊಂಡೆವು. ಚಿಕ್ಕಮ್ಮನ ಮನೆಯಲ್ಲಿದ್ದುದು ಪೈಪ್ ಗ್ಯಾಸ್ ಎಂದು ನಾನು ಹೇಳಿದರೂ, ಯಾವ ಗ್ಯಾಸಾದರೂ ಉರಿ ಸರಿಮಾಡಿದರೆ ಸಾಕೆಂದು ಅವರು ಗಾಳಿ ಹೊಂದಿಸುವ ಬಳೆಯನ್ನು ಸ್ವಲ್ಪ ತಿರುಗಿಸಿ ಹೊರಟುಹೋದರು.

ಉರಿ ಹಳದಿಯಾಗಿಯೇ ಇತ್ತು. ಎರಡೇ ದಿನಗಳಲ್ಲಿ ಪಾತ್ರೆಗಳ ತಳಕ್ಕೆ ಮಸಿ ಹಿಡಿಯಿತು. ಇಷ್ಟು ಸ್ಪಷ್ಟವಾದ ಸೂಚನೆಯನ್ನು ನಾನು ಕಡೆಗಣಿಸಿದೆನೆಂಬ ಸಂಕಟ ಇಂದಿಗೂ ಹೋಗಿಲ್ಲ.

ಡಿಸೆಂಬರಿನ ಒಂದು ಸಂಜೆ, ಚಳಿಗೂ ಸೊಳ್ಳೆಗೂ ಹೆದರಿ ಅಡುಗೆಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ರಾಗಿ ಬಿಸ್ಕತ್ತು ಬೇಯಿಸಲು ಸುಮಾರು ಒಂದೂವರೆ ಗಂಟೆ ಓವನ್ ಉರಿಸಿದೆವು. ಬೆಚ್ಚಗಿದೆಯೆಂದು ಅತ್ತೆಯವರು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೊದಲು ನನಗೆ ತಲೆನೋವು ಬಂತು. ಆಮೇಲೆ ಅತ್ತೆಯವರು ತಲೆ ಸುತ್ತುತ್ತಿದೆ ಎಂದು ಎದ್ದವರು ಅಲ್ಲೇ ಕುಸಿದು ವಾಂತಿ ಮಾಡಿಕೊಂಡರು. ಗ್ಯಾಸ್ ಸೋರಿದೆಯೇ ಎಂದು ಮೂಸಿ ನೋಡಿದರೆ ಯಾವ ವಾಸನೆಯೂ ಇರಲಿಲ್ಲವಾದ್ದರಿಂದ, ಪಿತ್ತವಿರಬೇಕೆಂದು ನಾವು ಅಮೂಲ್ಯವಾದ ಹತ್ತು ನಿಮಿಷ ಕಳೆದೆವು. ಜಗುಲಿಗೆ ಕರೆತಂದ ಮೇಲೆ ಅವರಿಗೆ ತುಸು ಹಗುರವೆನಿಸಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಮುಚ್ಚಿದ ಕೋಣೆಯಲ್ಲಿ ಏನನ್ನಾದರೂ ಉರಿಸಿದ್ದಿರಾ ಎಂಬುದು. ಅದು ಕಾರ್ಬನ್ ಮಾನಾಕ್ಸೈಡಿನ ವಿಷ. ರಾತ್ರಿಯಿಡೀ ಆಮ್ಲಜನಕ ಕೊಡಬೇಕಾಯಿತು.

ನಮ್ಮನ್ನು ಮೋಸಗೊಳಿಸಿದ್ದು ನಮ್ಮ ಮೂಗು. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ; ಆದರೆ ಅದು ಉರಿದುಹೋಗುತ್ತದೆ, ಅರೆಬರೆ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ.

ಮೂಲ ದೋಷವಿದ್ದದ್ದು ಜೆಟ್‌ನಲ್ಲಿ, ಅಂದರೆ ಗ್ಯಾಸ್ ಹೊರಬರುವ ಸಣ್ಣ ರಂಧ್ರದ ಹಿತ್ತಾಳೆಯ ಬಿಡಿಭಾಗದಲ್ಲಿ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಒಂದೇ ಅಳತೆಯ ಮೀಥೇನಿಗಿಂತ ಇವು ಎರಡೂವರೆ ಪಟ್ಟಿಗೂ ಮಿಗಿಲಾದ ಶಾಖ ಕೊಡುವುದರಿಂದ ಮತ್ತು ಉರಿಯಲು ಅಷ್ಟೇ ಹೆಚ್ಚು ಗಾಳಿ ಬೇಡುವುದರಿಂದ, ಸಿಲಿಂಡರಿಗೆ ಚಿಕ್ಕ ರಂಧ್ರದ ಜೆಟ್ ಬೇಕು. ಪೈಪ್ ಗ್ಯಾಸಿನ ದೊಡ್ಡ ರಂಧ್ರದ ಜೆಟ್ಟನ್ನು ಹಾಗೆಯೇ ಬಿಟ್ಟು ಗಾಳಿಯ ಬಳೆಯನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಬರ್ನರುಗಳ ಜೆಟ್‌ಗಳ ಜೊತೆಗೆ ಓವನ್ನಿನದನ್ನೂ ಬದಲಿಸಿ, ಸಣ್ಣ ಉರಿಯ ತಿರುಪನ್ನೂ ಹೊಸದಾಗಿ ಹೊಂದಿಸಬೇಕೆಂದು ತಯಾರಕರ ಕಡೆಯಿಂದ ಬಂದ ತಂತ್ರಜ್ಞರು ಬಿಡಿಸಿ ಹೇಳಿದರು. ಅವರು ಹಾಗೆ ಮಾಡಿದ ಮೇಲೆ ಉರಿ ನೀಲಿಯಾಯಿತು.

ಹೊತ್ತಿಸುವ ಕ್ರಮವನ್ನೂ ಅವರು ತಿದ್ದಿದರು. ಬಾಗಿಲು ತೆರೆದೇ ಹೊತ್ತಿಸಬೇಕು. ಹೊತ್ತದಿದ್ದರೆ ಗುಂಡಿಯನ್ನು ಮುಚ್ಚಿ, ಬಾಗಿಲನ್ನು ತೆರೆದಿಟ್ಟು ಕೆಲವು ನಿಮಿಷ ಕಾಯಬೇಕು, ಏಕೆಂದರೆ ಗಾಳಿಗಿಂತ ಭಾರವಾದ ಈ ಗ್ಯಾಸ್ ತಳದಲ್ಲಿ ಶೇಖರವಾಗಿ ಮುಂದಿನ ಕಿಡಿಗೆ ಭುಗಿಲೆನ್ನಬಹುದು. ನಿಜವಾಗಿಯೂ ಗ್ಯಾಸಿನ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಬೇಕು.

ಅತ್ತೆಯವರು ಚೇತರಿಸಿಕೊಂಡ ಮೇಲೆ ಚಿಕ್ಕಮ್ಮನಿಗೆ ಎಲ್ಲವನ್ನೂ ತಿಳಿಸಿದೆ. ಪೈಪ್ ಗ್ಯಾಸ್ ಬಂದಾಗ ಬಿಚ್ಚಿ ಕೊಟ್ಟಿದ್ದ ಸಿಲಿಂಡರಿನ ಜೆಟ್‌ಗಳು, ಒಂದು ಪುಟ್ಟ ಪೊಟ್ಟಣದಲ್ಲಿ, ಅವರ ಮೇಜಿನ ಡ್ರಾಯರಿನಲ್ಲೇ ಇದ್ದವು.