ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಬ್ಯಾಟರಿಯ ವರದಿ ನೋಡದೆ ಮುಂಗಡ ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ವ್ಯಾಪಾರಕ್ಕೆ ಕೂಡಿ. ಬ್ಯಾಟರಿ ಸವೆದಿದೆ ಎಂದು ತಿಳಿದಿದ್ದೂ ಅದನ್ನು ಮುಚ್ಚಿಟ್ಟು ನನಗೆ ಕಾರು ಮಾರಿದ್ದಾರೆ.

ಪೆಟ್ರೋಲ್ ಕಾರಾದರೆ ಎಂಜಿನ್ನಿನ ಸದ್ದು, ಹೊಗೆಯ ಬಣ್ಣ, ಆಯಿಲ್ ಸೋರಿಕೆ ನೋಡಬಹುದು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದರೆ ಅರ್ಧ ಗಂಟೆಯಲ್ಲಿ ನಿಜ ಹೊರಬೀಳುತ್ತದೆ. ಇಲ್ಲಿ ಅದಾವುದೂ ಇಲ್ಲ. ಪರದೆಯ ಮೇಲೆ ಚಾರ್ಜ್ 100% ಎಂದಿತ್ತು, ವ್ಯಾಪಾರಿ ಅದನ್ನೇ ತೋರಿಸಿ "ನೋಡಿ ಸಾರ್, ಬ್ಯಾಟರಿ ಹೊಸದರ ಹಾಗೇ ಇದೆ" ಎಂದರು. ಆ 100% ಹೊಸ ಬ್ಯಾಟರಿಯದಲ್ಲ, ಸವೆದು ಉಳಿದಿರುವುದರ 100%. ಪಕ್ಕದಲ್ಲಿ ಕಾಣುವ, ಇನ್ನೆಷ್ಟು ಕಿಲೋಮೀಟರ್ ಓಡಬಹುದು ಎಂಬ ಅಂಕಿಯೂ ಇತ್ತೀಚಿನ ಓಡಾಟದಿಂದ ಹುಟ್ಟುವ ಅಂದಾಜು ಮಾತ್ರ. ಊರೊಳಗೆ ನಿಧಾನವಾಗಿ ಓಡಿಸಿ ತಂದು ನಿಲ್ಲಿಸಿದರೆ ಅದು ತಾನಾಗಿಯೇ ಏರುತ್ತದೆ.

ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಬ್ರೇಕಿನಿಂದ ಮರಳಿ ಸಿಗುವ ವಿದ್ಯುತ್ತೂ ಹೆದ್ದಾರಿಯಲ್ಲಿ ಕಡಿಮೆ ಎಂಬುದನ್ನು ಲೆಕ್ಕ ಹಿಡಿದೇ ನಾನು ದೂರ ಪ್ರಯಾಣಕ್ಕೆ ಹೊರಟಿದ್ದೆ. ಆದರೂ ಅಂಕಿ ಕಣ್ಣೆದುರೇ ಕುಸಿಯಿತು. ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಜಿಂಗ್ ಕೇಂದ್ರದಲ್ಲಿ ಸರದಿಗೆ ಕಾದೆ. ಫಾಸ್ಟ್ ಚಾರ್ಜರ್ ಕೂಡ 80% ದಾಟಿದ ಮೇಲೆ ನಿಧಾನವಾಗುವುದರಿಂದ ಪೂರ್ತಿ ತುಂಬಿಸುವಷ್ಟು ಹೊತ್ತು ಅಲ್ಲಿ ಕೂರುವಂತಿರಲಿಲ್ಲ.

ಸರ್ವಿಸ್ ಕೇಂದ್ರದಲ್ಲಿ ಪರೀಕ್ಷಿಸಿದಾಗ ಬ್ಯಾಟರಿಯ ಸಾಮರ್ಥ್ಯ 70%ಕ್ಕಿಂತ ಸ್ವಲ್ಪವೇ ಮೇಲಿತ್ತು. ಬಹಳಷ್ಟು ಕಂಪನಿಗಳಂತೆ ಈ ಕಾರಿಗೂ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ, ಆದರೆ ಸಾಮರ್ಥ್ಯ 70%ಕ್ಕಿಂತ ಕೆಳಗಿಳಿದರೆ ಮಾತ್ರ. ಅಂದರೆ ನನಗೆ ಏನೂ ಸಿಗುವುದಿಲ್ಲ. ಆಗ ಅಲ್ಲಿನ ತಂತ್ರಜ್ಞರು ಕಂಪ್ಯೂಟರ್ ನೋಡಿ ಹೇಳಿದ ಮಾತು ಇನ್ನೂ ನನ್ನನ್ನು ಸುಡುತ್ತಿದೆ: ಮಾರಾಟಕ್ಕೆ ಸ್ವಲ್ಪ ಮುಂಚೆ ಆ ವ್ಯಾಪಾರಿ ಇದೇ ಕಾರನ್ನು ಅಲ್ಲಿಗೆ ತಂದು ಇದೇ ಪರೀಕ್ಷೆ ಮಾಡಿಸಿದ್ದರು. ವರದಿ ಅವರ ಕೈಯಲ್ಲಿತ್ತು. ವರದಿ ಕೈಯಲ್ಲಿಟ್ಟುಕೊಂಡೇ "ಹೊಸದರ ಹಾಗೇ ಇದೆ" ಎಂದಿದ್ದರು.

ಫೋನ್ ಮಾಡಿದರೆ ಮೊದಲು "ನೀವು ಜೋರಾಗಿ ಓಡಿಸುತ್ತೀರಿ" ಎಂದರು. ವರದಿಯ ವಿಷಯ ಎತ್ತಿದ ಮೇಲೆ "ನೀವು ಕೇಳಲಿಲ್ಲ, ನಾವು ಕೊಡಲಿಲ್ಲ" ಎಂದರು. ಕೊನೆಗೆ, "ಪೆಟ್ರೋಲ್ ಕಾರಿನ ಮೈಲೇಜೂ ವಯಸ್ಸಾದಂತೆ ಇಳಿಯುತ್ತದಲ್ಲ ಸಾರ್?" ಇಳಿಯುತ್ತದೆ, ಆದರೆ 40 ಲೀಟರಿನ ಟ್ಯಾಂಕ್ ಹತ್ತು ವರ್ಷದ ನಂತರವೂ 40 ಲೀಟರ್ ಹಿಡಿಯುತ್ತದೆ, ಬಂಕಿನಲ್ಲಿ ಐದೇ ನಿಮಿಷದಲ್ಲಿ ತುಂಬುತ್ತದೆ. ನನ್ನ ಕಾರಿನ ಟ್ಯಾಂಕೇ ಕುಗ್ಗಿಹೋಗಿದೆ! ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ನೀವೇ ಎದುರು ನಿಂತು ಬ್ಯಾಟರಿ ಪರೀಕ್ಷೆ ಮಾಡಿಸಿ, ವಾರಂಟಿ ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಪರೀಕ್ಷೆಗೆ ಒಪ್ಪದ ವ್ಯಾಪಾರಿಯ ಮುಂದೆ ಒಂದು ಕ್ಷಣವೂ ಕೂರಬೇಡಿ. ನಾನು ಲಿಖಿತ ದೂರು ಕೊಟ್ಟಿದ್ದೇನೆ. ಅವರು ಈಗ ನನ್ನ ಫೋನನ್ನೇ ಎತ್ತುತ್ತಿಲ್ಲ.